ಜೆನ್‌ವ್ಯಾಕ್ ಎರಡು ಡೋಸ್: ಹಾನಗಲ್ ಕಡೆಯ ಒಬ್ಬ ತಾಯಿಯ ಅನುಭವ

ನಮ್ಮದು ಹಾನಗಲ್ ತಾಲೂಕು. ಮನೆ ಹಿಂದೆಯೇ ಭತ್ತದ ಗದ್ದೆ. ನಾಟಿ ಆದಮೇಲೆ ಬೆಳ್ಳಕ್ಕಿ ಬಂದು ಕೂರುತ್ತವೆ, ಸಂಜೆಯಾದರೆ ಗುಂಗಾಡು ಮುತ್ತುತ್ತವೆ. ಮೊನ್ನೆ ಮಗನಿಗೆ ಮೆದುಳು ಜ್ವರದ, ಅಂದ್ರೆ ಜೆಇ ಲಸಿಕೆಯ ಎರಡನೇ ಡೋಸ್ ಮುಗಿಯಿತು. ಮಗಳಿಗೆ 2022ರ ಡಿಸೆಂಬರ್‌ನಲ್ಲಿ ಶಾಲೆಯಲ್ಲೇ ಹಾಕಿದ್ದರು. ಆಗ ಹಾವೇರಿ, ಗದಗ ಸೇರಿ 10 ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಅಭಿಯಾನ ನಡೆದಿತ್ತು.

ಮಗನಿಗೆ ಹಾಕಿದ ಸೀಸೆಯ ಮೇಲೆ ಜೆನ್‌ವ್ಯಾಕ್ ಅಂತ ಇತ್ತು. ಹೈದರಾಬಾದಿನ ಭಾರತ್ ಬಯೋಟೆಕ್ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಜೊತೆ ಸೇರಿ ಮಾಡಿದ್ದು, 2013ರಲ್ಲಿ ಬಂತು. ಇದಕ್ಕೆ ಬಳಸಿದ ವೈರಸ್ ಸಿಕ್ಕಿದ್ದು ನಮ್ಮ ಕೋಲಾರದಲ್ಲೇ. ಅದನ್ನು ಬೆಳೆಸಿ, ಸಾಯಿಸಿ ಲಸಿಕೆ ಮಾಡುತ್ತಾರೆ. ಸತ್ತ ವೈರಸ್ ರೋಗ ತರಲಾರದು. ಇದು ತಿಳಿದಮೇಲೆ ನನ್ನ ಅರ್ಧ ಭಯ ಹೋಯಿತು. ಮಗನ ತೊಡೆ ಒಂದು ದಿನ ಬಾತಿತ್ತು, ರಾತ್ರಿ ಮೈ ಬೆಚ್ಚಗಿತ್ತು. ಬೆಳಿಗ್ಗೆ ಎದ್ದು ಆಡಿದ. ಮಗಳಿಗೆ ಅಷ್ಟೂ ಆಗಿರಲಿಲ್ಲ.

ನಮ್ಮತ್ತೆ ಮೊದಲು ಬೇಡ ಅಂದಿದ್ದರು. "ಊರಾಗಿನ ಹುಡುಗರಿಗೆಲ್ಲ ಹಾಕ್ಸ್ಯಾರ, ನಮ್ಮದೊಂದು ಬಿಟ್ರ ಏನಾಗ್ತೈತಿ?" ದಡಾರದ ವಿಷಯದಲ್ಲಿ ಈ ಮಾತಿಗೆ ಸ್ವಲ್ಪವಾದರೂ ಅರ್ಥ ಇದೆ. ಇಲ್ಲಿ ಇಲ್ಲವೇ ಇಲ್ಲ. ಜೆಇ ಒಂದು ಮಗುವಿನಿಂದ ಇನ್ನೊಂದಕ್ಕೆ ಅಂಟುವುದಿಲ್ಲ. ಹಂದಿ, ಬೆಳ್ಳಕ್ಕಿಗಳ ಮೈಯಲ್ಲಿ ವೈರಸ್ ಬೆಳೆಯುತ್ತದೆ. ಅಲ್ಲಿಂದ ಗದ್ದೆಯ ಕ್ಯೂಲೆಕ್ಸ್ ಸೊಳ್ಳೆ ಹೊತ್ತು ತರುತ್ತದೆ. ಹಾಗಾಗಿ ಊರಿಗೆ ಊರೇ ಹಾಕಿಸಿಕೊಂಡರೂ, ಬಿಟ್ಟುಹೋದ ಮಗುವನ್ನು ಅದು ಕಾಯುವುದಿಲ್ಲ. ಮೆದುಳಿಗೆ ಏರಿದರೆ ಈ ವೈರಸ್ ಕೊಲ್ಲುವ ಔಷಧಿ ಇಲ್ಲ. ಹಾಗೆ ಏರಿದವರಲ್ಲಿ 100ಕ್ಕೆ 30ರವರೆಗೂ ಸಾಯಬಹುದು. ಬದುಕಿದರೂ ಎಷ್ಟೋ ಮಕ್ಕಳಿಗೆ ಮಾತು, ಕೈಕಾಲು ಮೊದಲಿನ ಹಾಗೆ ಆಗುವುದಿಲ್ಲ. ಇದನ್ನೆಲ್ಲ ಕೇಳಿದಮೇಲೆ ಅತ್ತೆಯೇ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನನ್ನ ಮುಂದೆ ನಡೆದರು.

ಆಶಾ ಅಕ್ಕ ಎರಡು ಸಲ ಮನೆಗೇ ಬಂದು ನೆನಪು ಮಾಡಿದ್ದರು. ಒಂದು ಪೈಸೆ ಖರ್ಚಿಲ್ಲ. ಹಾಕಿದಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿ ಮಗುವನ್ನು ನೋಡಿದರು. ಇಷ್ಟು ಚೆನ್ನಾಗಿತ್ತು.

ಬೇಜಾರಾದದ್ದು ಒಂದೇ. ಒಂಬತ್ತು ತಿಂಗಳಿಗೆ ದಡಾರ ಲಸಿಕೆಯ ಜೊತೆ ಮೊದಲ ಡೋಸ್ ಹಾಕಿದವರು ತಾಯಿ ಕಾರ್ಡಿನಲ್ಲಿ ಬರೆದಿರಲಿಲ್ಲ. 16 ತಿಂಗಳಿಗೆ ಹೋದರೆ "ಮೊದಲನೇದೇ ಆಗಿಲ್ಲವಲ್ಲ" ಅಂದರು. ಹಳೇ ರಿಜಿಸ್ಟರ್ ಹುಡುಕಲು ಎರಡು ತಾಸು ಹಿಡಿಯಿತು, ಅವತ್ತಿನ ಕೆಲಸ ಪೂರ್ತಿ ಕೆಟ್ಟಿತು. ಮಗು ಅಳುತ್ತಿದ್ದರೂ ಸರಿ, ಎದ್ದು ಬರುವ ಮೊದಲು ಕಾರ್ಡ್ ಮುಂದಿಟ್ಟು ತಾರೀಕು ಬರೆಸಿಕೊಳ್ಳಿ.