ಎಮರ್ಜೆನ್ಸಿ ವಾರ್ಡ್: ನರ್ಸ್‌ಗೆ ಐದು ಸ್ಟಾರ್, ಕೌಂಟರ್‌ಗೆ ಒಂದೂ ಇಲ್ಲ

ಹೆಸರು ಬೇಡ, ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆ. ರಾತ್ರಿ ಎರಡು ಗಂಟೆಗೆ ಅಪ್ಪನಿಗೆ ಎದೆನೋವು ಶುರುವಾಯ್ತು, ಸಿಕ್ಕ ಆಟೋದಲ್ಲೇ ಕರ್ಕೊಂಡು ಓಡಿದೆವು. ಎದೆನೋವು ಅಂದರೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಅಲ್ವಾ? ಇಲ್ಲಿ ಮೊದಲು ಕೇಳಿದ್ದು ಇಪ್ಪತ್ತು ಸಾವಿರ ಅಡ್ವಾನ್ಸ್. ಕೌಂಟರ್‌ನವನು ಮೊಬೈಲ್‌ನಿಂದ ತಲೆ ಎತ್ತದೆ "ಕಟ್ಟಿ ಬನ್ನಿ ಸಾರ್, ಫೈಲ್ ಓಪನ್ ಆಗ್ಬೇಕು" ಅಂದ. ಎಮರ್ಜೆನ್ಸಿಯಲ್ಲಿ ಅಡ್ವಾನ್ಸ್‌ಗೆ ಪಟ್ಟು ಹಿಡಿಯಬಾರದು ಅಂತ ಖಾಸಗಿ ಆಸ್ಪತ್ರೆಗಳಿಗೆ ಅನ್ವಯಿಸುವ ನಮ್ಮ ಕರ್ನಾಟಕದ ಕೆಪಿಎಂಇ ಕಾಯ್ದೆಗೆ 2017ರಲ್ಲೇ ತಿದ್ದುಪಡಿ ಆಗಿದೆ. ಅದನ್ನ ಹೇಳಿದ್ದಕ್ಕೆ ನನ್ನನ್ನೇ ಗುರಾಯಿಸಿದ.

ಅಷ್ಟರಲ್ಲಿ ಒಳಗಿಂದ ಬಂದ ನರ್ಸ್ ಒಬ್ಬರು ಅಪ್ಪನ ಶರ್ಟು ಬೆವರಲ್ಲಿ ತೊಯ್ದಿದ್ದು ನೋಡಿ, ಯಾರನ್ನೂ ಕೇಳದೆ ವೀಲ್‌ಚೇರ್ ಎಳೆದುಕೊಂಡು ಒಳಗೆ ನಡೆದೇ ಬಿಟ್ಟರು. ಬನಿಯನ್ ಎತ್ತಿ ಇಸಿಜಿ ವೈರು ಹಚ್ಚುತ್ತಾ "ತಾತ, ಊಟಕ್ಕೆ ಏನ್ ತಿಂದ್ರಿ?" ಅಂತ ಮಾತಾಡಿಸಿದರು. ನಡುಗ್ತಿದ್ದ ಅಪ್ಪ "ಮುದ್ದೆ" ಅಂದು ನಕ್ಕರು. ಡ್ಯೂಟಿ ಡಾಕ್ಟರ್ ಚಿಕ್ಕ ಹುಡುಗಿ, ಆದರೂ ಇಸಿಜಿ ಸರಿಯಿದ್ದರೆ ಸಾಲದು, ಹೃದಯದ ಸ್ನಾಯುಗೆ ಪೆಟ್ಟಾಗಿದೆಯಾ ಅಂತ ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಎರಡು ಸಲ ಯಾಕೆ ಮಾಡಬೇಕು ಅಂತ ಕೂತು ಬಿಡಿಸಿ ಹೇಳಿದರು.

ಹೃದಯದ್ದಲ್ಲ, ಅಪ್ಪ ಚೆನ್ನಾಗಿದ್ದಾರೆ. ಮತ್ತೆ ಬೇಕಾದರೆ ಅಲ್ಲಿಗೇ ಹೋಗ್ತೀನಿ, ಆದರೆ ಕೌಂಟರ್ ಕಡೆ ತಿರುಗದೆ ನೇರ ಒಳಗೆ.