ಕೂತು ಓಡಿಸುವ ಲಾನ್ ಮಷಿನ್ ಕೊಳ್ಳುವ ಮುಂಚೆ ನಮ್ಮ ಕತೆ ಒಮ್ಮೆ ಓದಿ

ನಮ್ಮದು ಕಲಬುರಗಿಯಲ್ಲಿ, ಅಫಜಲಪುರ ರಸ್ತೆ ಕಡೆ ಒಂದು ಫಂಕ್ಷನ್ ಹಾಲ್. ಒಟ್ಟು ಮೂರೂವರೆ ಎಕರೆ, ಅದರಲ್ಲಿ ಹುಲ್ಲು ಇರುವುದು ಎರಡೂವರೆ ಎಕರೆ. ಈ ಒಂದು ತಿಂಗಳಲ್ಲಿ ಮೂರು ಜನ ಫೋನ್ ಮಾಡಿ ಕೇಳಿದರು, "ನಿಮ್ಮ ಹತ್ರ ಆ ಕುಂತು ಓಡ್ಸೋ ಲಾನ್ ಮಷಿನ್ ಅದಲ್ರಿ, ಹೆಂಗದ? ನಾವೂ ತಗೋಬೇಕಂತ ಮಾಡೀವಿ." ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳಿದೆ. ಆದರೂ ಫೋನಿನಲ್ಲಿ ಎಲ್ಲ ಹೇಳಲು ಆಗುವುದಿಲ್ಲ. ನಮ್ಮ ಮಾಲಿ ಕಾಕಾ ಅವರ ಕಾಲಿನ ವಿಷಯಕ್ಕೆ ಬಂದರೆ ನನಗೆ ಮಾತೇ ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಮ್ಮಲ್ಲಿ ಹುಲ್ಲು ಕತ್ತರಿಸಲು ತಳ್ಳುವ ಮಷಿನ್ ಎರಡು, ಹೆಗಲಿಗೆ ಹಾಕಿಕೊಂಡು ಹುಲ್ಲು ಕೊಚ್ಚುವ ಬ್ರಷ್ ಕಟರ್ ಒಂದು ಇದ್ದವು. ಮಳೆಗಾಲದಲ್ಲಿ ಕರಿಕಿ ಹುಲ್ಲು ಹೇಗೆ ಬೆಳೆಯುತ್ತದೆ ಗೊತ್ತಲ್ವಾ. ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಈ ತುದಿಯಲ್ಲಿ ಮತ್ತೆ ಎದ್ದಿರುತ್ತದೆ. ಕಾಕಾ ಮತ್ತು ಇನ್ನೊಬ್ಬ ಹುಡುಗ ಸೇರಿ ನಾಲ್ಕು ದಿನ ಹಿಡಿಯುತ್ತಿತ್ತು. ತುಳಸಿ ಲಗ್ನ ಆಯಿತೆಂದರೆ ಮದುವೆಗಳು ಒಂದರ ಹಿಂದೆ ಒಂದು. ಬೇಗ ಕೆಲಸ ಮುಗಿಸುವ ಮಷಿನ್ ಬೇಕು ಅಂತ ಅಂದುಕೊಂಡಿದ್ದರಲ್ಲಿ ತಪ್ಪಿರಲಿಲ್ಲ. ಆರಿಸಿದ ರೀತಿ ತಪ್ಪಾಯಿತು.

ನಾನೂ ಅಣ್ಣನೂ ಒಂದು ವಾರ ವಿಡಿಯೊ ನೋಡಿದೆವು. ಅಮೆರಿಕದ ಮನೆಗಳ ಅಂಗಳ, ಕಂಬಳಿ ಹಾಸಿದ ಹಾಗೆ ನೆಲ, ಕುರ್ಚಿಯಲ್ಲಿ ಕೂತು ಆರಾಮಾಗಿ ಹುಲ್ಲು ಕತ್ತರಿಸುವವರು. ಆಮೇಲೆ ಸುಮಾರು 220 ಕಿಲೋಮೀಟರ್ ದೂರದ ಹೈದರಾಬಾದಿಗೆ ಹೋಗಿ, ಒಬ್ಬ ವ್ಯಾಪಾರಿಯ ಹತ್ತಿರ ಹೊರದೇಶದಿಂದ ಬಂದ ಸೆಕೆಂಡ್ ಹ್ಯಾಂಡ್ ಮಷಿನ್ ತಂದೆವು. 46 ಇಂಚಿನ ಡೆಕ್ (ಅಡಿಯಲ್ಲಿ ಬ್ಲೇಡ್ ಮುಚ್ಚಿರುವ ತಗಡಿನ ಪೆಟ್ಟಿಗೆ), 22 ಹಾರ್ಸ್‌ಪವರ್, ಗೇರ್ ಹಾಕುವ ರಗಳೆ ಇಲ್ಲದ ಆಟೊಮ್ಯಾಟಿಕ್. 2 ಲಕ್ಷ 80 ಸಾವಿರ ಕೊಟ್ಟೆವು. ಅಂಗಡಿ ಮುಂದಿನ ಸಿಮೆಂಟ್ ನೆಲದ ಮೇಲೆ ಎರಡು ಸುತ್ತು ಓಡಿಸಿ ತೋರಿಸಿದ. ನಾವು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ಇಂಚು, ಎಷ್ಟು ಹಾರ್ಸ್‌ಪವರ್. ನಿಮ್ಮದು ಎಂಥ ನೆಲ ಅಂತ ಅವನು ಕೇಳಲಿಲ್ಲ, ನಾವೂ ಹೇಳಲಿಲ್ಲ.

ತಂದ ದಿನವೇ ಮೊದಲ ಪೆಟ್ಟು. ಹಿಂದಿನ ಲಾನಿಗೆ ಹೋಗುವ ಗೇಟ್ 4 ಅಡಿ, ಅಂದರೆ 48 ಇಂಚು. ಮಷಿನ್ 46 ಇಂಚು, ಹಿಡಿಸುತ್ತದೆ ಅಂತ ತಿಳಿದಿದ್ದೆವು. ಹಿಡಿಸಲಿಲ್ಲ. ಆ ಇಂಚಿನ ಲೆಕ್ಕ ಬರೀ ಬ್ಲೇಡ್ ಕತ್ತರಿಸುವ ಅಗಲ. ಹುಲ್ಲು ಹೊರಗೆ ಬೀಳುವ ಬಾಯಿ ಪಕ್ಕಕ್ಕೆ ಇನ್ನೂ ಹತ್ತು ಇಂಚಿನಷ್ಟು ಚಾಚಿರುತ್ತದೆ. ಅದನ್ನು ಮೇಲೆ ಮಡಚಿದರೂ ಡೆಕ್ಕಿನ ತಗಡಿನ ಅಗಲ ಬೇರೆ ಇದೆ. ಕಂಬ ಒಡೆದು ಗೇಟ್ ಅಗಲ ಮಾಡಿಸಿದೆವು. ಕೊಳ್ಳುವ ಮುಂಚೆ ಟೇಪ್ ಹಿಡಿದು ಗೇಟು, ಗಿಡಗಳ ನಡುವಿನ ಜಾಗ, ಷೆಡ್ಡಿನ ಬಾಗಿಲು ಅಳೆಯಿರಿ. ಮಷಿನ್ನಿನ ಪೂರ್ತಿ ಅಗಲವನ್ನೂ ಅಳೆದೇ ನೋಡಿ.

"ನಿಮ್ಮ ಜಾಗ ಎಲ್ಲಾ ಒಂದು ತಾಸಿನ ಕೆಲಸ" ಎಂದಿದ್ದ ಆ ವ್ಯಾಪಾರಿ. ಇದನ್ನು ನೀವೇ ಲೆಕ್ಕ ಹಾಕಬಹುದು. ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಸ್ವಲ್ಪ ಹತ್ತಲೇಬೇಕು, ಹಾಗಾಗಿ 46 ಇಂಚಿನಲ್ಲಿ ಕೆಲಸಕ್ಕೆ ಬರುವುದು ಹೆಚ್ಚೂಕಡಿಮೆ 1 ಮೀಟರ್. ತಾಸಿಗೆ 5 ಕಿಲೋಮೀಟರ್ ಓಡಿಸಿದರೆ 5,000 ಚದರ ಮೀಟರ್. ತಿರುಗುವುದು, ಗಿಡ ಸುತ್ತುವುದು ಎಲ್ಲ ಕಳೆದರೆ 4,000, ಅಂದರೆ 40 ಗುಂಟೆ. ತಾಸಿಗೆ ಒಂದು ಎಕರೆ ಸಿಕ್ಕರೆ ಅದೇ ದೊಡ್ಡದು.

ಈಗ ನೆಲದ ವಿಷಯ. ನಮ್ಮ ಮುಂದಿನ ಲಾನಿಗೆ ಕೆಂಪು ಮಣ್ಣು ತಂದು ಹಾಕಿ ಮಟ್ಟ ಮಾಡಿಸಿದ್ದೆವು. ಹಿಂದಿನ ಒಂದೂವರೆ ಎಕರೆ ಮಾತ್ರ ಅಪ್ಪಟ ಎರೆ ಮಣ್ಣು, ಹಿಂದೆ ತೊಗರಿ ಬೆಳೆಯುತ್ತಿದ್ದ ಹೊಲ. ಎರೆ ಮಣ್ಣಿನ ಸ್ವಭಾವ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಂದರೆ ಚಪ್ಪಲಿಗೆ ಸೇರಿನಷ್ಟು ಮಣ್ಣು ಅಂಟುತ್ತದೆ. ಇಷ್ಟು ಗೊತ್ತಿದ್ದೂ ಮಷಿನ್ ಕೊಳ್ಳುವಾಗ ನಮಗೆ ಅದು ನೆನಪಾಗಲಿಲ್ಲ.

ಈ ಮಷಿನ್ ಖಾಲಿ ಇದ್ದಾಗಲೇ ಎರಡು ಕ್ವಿಂಟಲ್‌ಗಿಂತ ಜಾಸ್ತಿ ತೂಗುತ್ತದೆ. ಹುಲ್ಲಿಗೆ ಪೆಟ್ಟಾಗಬಾರದು ಅಂತ ಟಯರ್ ನುಣುಪಾಗಿರುತ್ತವೆ, ಹೊಲದ ಟ್ರ್ಯಾಕ್ಟರಿನ ಹಾಗೆ ಹಲ್ಲು ಇರುವುದಿಲ್ಲ. ಜೂನ್ ತಿಂಗಳ ಮೊದಲ ದೊಡ್ಡ ಮಳೆಯಾಗಿ ಎರಡು ದಿನ ಬಿಟ್ಟು ಹಿಂದಿನ ಲಾನಿಗೆ ಇಳಿಸಿದೆವು. ಮೇಲೆ ಒಣಗಿದ ಹಾಗೆ ಕಾಣುತ್ತಿತ್ತು. ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನ ಗಾಲಿ ತಿರುಗಿದಲ್ಲೇ ತಿರುಗಿ ಹೂತುಕೊಂಡಿತು. ಡೆಕ್ಕಿನ ಒಳಗೆ ಹಸಿ ಹುಲ್ಲು, ಮಣ್ಣು ಕಲಸಿ ರೊಟ್ಟಿ ಹಿಟ್ಟಿನ ಹಾಗೆ ಮೆತ್ತಿಕೊಂಡಿತು. ಹಗ್ಗ ಕಟ್ಟಿ ಆರು ಜನ ಎಳೆದೆವು. ಅದಾದ ಮೇಲೂ ಬುದ್ಧಿ ಬರಲಿಲ್ಲ. ಎರಡು ತಿಂಗಳು ಹಾಗೇ ಇಳಿಸಿದೆವು, ಹಾಗೇ ಎಳೆದೆವು. ಲಾನ್ ತುಂಬ ಗಾಲಿಯ ಗುರುತು ಬಿದ್ದವು. ಈ ಗುರುತುಗಳನ್ನು ನೆನಪಿಡಿ, ಮುಂದೆ ಬರುತ್ತವೆ.

ಆಗಸ್ಟಿನಲ್ಲಿ ಬ್ಲೇಡ್ ಶಹಾಬಾದ್ ಕಲ್ಲಿಗೆ ಬಡಿಯಿತು. ನಮ್ಮ ಕಡೆ ಕಾಲುದಾರಿಗೆ ಎಲ್ಲರೂ ಹಾಕುವುದು ಅದನ್ನೇ. ಹುಲ್ಲಿನ ಮಟ್ಟಕ್ಕಿಂತ ಎರಡು ಬೆರಳು ಮೇಲೆ ಎದ್ದಿದ್ದ ಅಂಚು ಬೆಳೆದ ಹುಲ್ಲಿನಲ್ಲಿ ಕಾಣಲಿಲ್ಲ. ಇಂಥ ಮಷಿನ್ನಿನ ಬ್ಲೇಡಿನ ತುದಿ ತಾಸಿಗೆ 300 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ತಿರುಗುತ್ತದೆ. ಶಬ್ದ ಕೇಳಿ ಆಫೀಸಿನಲ್ಲಿದ್ದ ಅಣ್ಣ ಹೊರಗೆ ಓಡಿ ಬಂದ. ಬ್ಲೇಡ್ ಬಗ್ಗಿತ್ತು, ಅದು ಕೂರುವ ಸ್ಪಿಂಡಲ್ ಸೀಳಿತ್ತು. ಒಡೆದ ಕಲ್ಲಿನ ಚೂರು ದೂರದ ಗೋಡೆಯ ಬುಡದಲ್ಲಿ ಬಿದ್ದಿತ್ತು. ದಾರಿಯಲ್ಲಿ ಯಾರಾದರೂ ಮಕ್ಕಳು ಇದ್ದಿದ್ದರೆ? ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ಸ್ಪಿಂಡಲ್ ಹುಡುಕಲು ಹೊರಟಾಗ ಇನ್ನೊಂದು ಗೊತ್ತಾಯಿತು. ಸೀಟಿನ ಕೆಳಗೆ ಮಾಡೆಲ್ ನಂಬರಿನ ಚೀಟಿ ಇರುತ್ತದೆ. ಅದಿಲ್ಲದೆ ಸರಿಯಾದ ಪಾರ್ಟ್ ಸಿಗುವುದಿಲ್ಲ, ಯಾಕೆಂದರೆ ಒಂದೇ ಬಣ್ಣ, ಒಂದೇ ಅಳತೆಯ ಮಷಿನ್ನಿನಲ್ಲಿ ವರ್ಷದಿಂದ ವರ್ಷಕ್ಕೆ ಪಾರ್ಟ್ ಬದಲಾಗಿರುತ್ತವೆ. ನಮ್ಮದರಲ್ಲಿ ಆ ಚೀಟಿ ಕೆರೆದು ಹೋಗಿತ್ತು. ವ್ಯಾಪಾರಿ ಮೊದಲು "ಕಳಿಸ್ತೀನಿ" ಎಂದ, ಆಮೇಲೆ ಫೋನ್ ಎತ್ತಲಿಲ್ಲ. ಫೋಟೊ ಕಳಿಸಿ, ಅಳತೆ ಕಳಿಸಿ, ಹೊರಗಿನಿಂದ ತರಿಸುವಷ್ಟರಲ್ಲಿ ಐದು ವಾರ. ಅಷ್ಟು ದಿನ ಕಾಕಾ ಮತ್ತೆ ಹಳೆಯ ತಳ್ಳುವ ಮಷಿನ್ ಹಿಡಿದರು.

ಆ ಐದು ವಾರ ಟ್ಯಾಂಕಿನಲ್ಲಿ ಪೆಟ್ರೋಲ್ ತುಂಬಿಯೇ ಇತ್ತು. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥೆನಾಲ್ ಬೆರೆಸಿದ ಪೆಟ್ರೋಲ್. ಇಂಥ ಅಮೆರಿಕದ ಇಂಜಿನ್‌ಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ 10 ಪರ್ಸೆಂಟಿಗಿಂತ ಜಾಸ್ತಿ ಎಥೆನಾಲ್ ಬೇಡ ಎಂದು ಬರೆದಿರುತ್ತದೆ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ಸ್ಪಿಂಡಲ್ ಬಂದು ಕೂರಿಸಿದ ಮೇಲೆ ಇಂಜಿನ್ ಚಾಲೂ ಆಗಲಿಲ್ಲ. ಕಾರ್ಬುರೇಟರ್ ಬಿಚ್ಚಿದರೆ ಒಳಗೆ ಅಂಟು ಅಂಟು. ಈಗ ನಾವು ಕೆಲಸಕ್ಕೆ ಬೇಕಾದಷ್ಟೇ ಪೆಟ್ರೋಲ್ ಹಾಕುತ್ತೇವೆ. ವಾರಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ಬಂದ್ ಆಗುವವರೆಗೆ ಓಡಿಸುತ್ತೇವೆ.

ಇಲ್ಲಿಯವರೆಗೆ ಆಗಿದ್ದು ದುಡ್ಡಿನ ಲುಕ್ಸಾನು. ಅದನ್ನು ದುಡಿದು ತುಂಬಬಹುದು.

ಮಳೆ ನಿಂತಿತು. ಎರೆ ಮಣ್ಣು ಒಣಗಿತು. ಜೂನ್, ಜುಲೈಯಲ್ಲಿ ಬಿದ್ದಿದ್ದ ಗಾಲಿಯ ಗುರುತುಗಳು ಕಲ್ಲಿನ ಹಾಗೆ ಗಟ್ಟಿಯಾದವು. ಅದರ ಮೇಲೆ ಓಡಿಸಿದರೆ ಮಷಿನ್ ಕುಪ್ಪಳಿಸುತ್ತಿತ್ತು. ಈ ಮಷಿನ್‌ಗಳ ಸೀಟಿನ ಕೆಳಗೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಬ್ಲೇಡ್ ತಿರುಗುವಾಗ ಕೂತವರು ಎದ್ದರೆ ಇಂಜಿನ್, ಬ್ಲೇಡ್ ಎರಡೂ ನಿಲ್ಲಬೇಕು, ಅದಕ್ಕಾಗಿ. ನಮ್ಮ ಕಾಕಾ ಬಡಕಲು ಮನುಷ್ಯ. ಗುರುತಿನ ಮೇಲೆ ಹಾರಿದಾಗೆಲ್ಲ ಅವರ ಮೈ ಸೀಟಿನಿಂದ ಮೇಲೇಳುತ್ತಿತ್ತು, ಇಂಜಿನ್ ಬಂದ್ ಆಗುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ಚಾಲೂ ಮಾಡುವುದೇ ಕೆಲಸವಾಯಿತು.

ಬೈಕ್ ರಿಪೇರಿ ಮಾಡುವ ಒಬ್ಬರನ್ನು ಕರೆಸಿದೆವು. ಅವರು ನೋಡಿ, "ಈ ಸ್ವಿಚ್ಚಿಂದೇ ತೊಂದ್ರಿ ಅದ್ರಿ. ಎರಡು ವೈರ್ ಕೂಡಿಸಿಬಿಟ್ರ ಮುಗೀತು" ಎಂದರು. ಒಂದು ಗೇಣು ಕೆಂಪು ವೈರ್, ಮೇಲೆ ಕರಿ ಟೇಪ್. ಐದು ನಿಮಿಷದ ಕೆಲಸ. ನಾನು ಪಕ್ಕದಲ್ಲೇ ನಿಂತಿದ್ದೆ. "ಹೂಂ, ಮಾಡ್ರಿ" ಅಂದವನು ನಾನೇ.

ತುಳಸಿ ಲಗ್ನಕ್ಕೆ ಇನ್ನು ನಾಲ್ಕು ದಿನ ಇತ್ತು. ಹಿಂದಿನ ರಾತ್ರಿ ಒಂದು ಮಳೆ ಬಿದ್ದು ಹುಲ್ಲು ತೊಯ್ದಿತ್ತು. ಬೆಳಿಗ್ಗೆ ಕಾಕಾ ಮುಂದಿನ ಲಾನ್ ಕತ್ತರಿಸುತ್ತಿದ್ದರು. ಹುಲ್ಲು ಬೀಳುವ ಬಾಯಿ ಹಸಿ ಹುಲ್ಲಿನಿಂದ ಕಟ್ಟಿಕೊಂಡಿತು. ಕಾಕಾ ಇಳಿದರು. ಸೀಟಿನಿಂದ ಎದ್ದರೆ ಮಷಿನ್ ನಿಲ್ಲುತ್ತದೆ ಎಂಬ ರೂಢಿ ಅವರಿಗೆ ಆಗಿಹೋಗಿತ್ತಲ್ಲ. ಇಂಜಿನ್ ಶಬ್ದ ಬರುತ್ತಿದ್ದರೂ ಬ್ಲೇಡ್ ನಿಂತಿರಬೇಕು ಅಂದುಕೊಂಡರು. ಬಾಯಿಗೆ ಮೆತ್ತಿದ್ದ ಹುಲ್ಲಿನ ಹೆಂಟೆಯನ್ನು ಕಾಲಿನಿಂದ ಒದ್ದರು.

ನಾನು ಪೆಂಡಾಲಿನವರ ಜೊತೆ ಮಾತಾಡುತ್ತಿದ್ದೆ. ತಿರುಗಿ ನೋಡಿದಾಗ ಕಾಕಾ ನೆಲದ ಮೇಲೆ ಕೂತು ಎರಡೂ ಕೈಯಲ್ಲಿ ಪಾದ ಹಿಡಿದುಕೊಂಡಿದ್ದರು. ನಾನು ಓಡಿ ಹೋದರೆ, "ಏನೂ ಆಗಿಲ್ರಿ ಸಾವಕಾರ್ರ, ನೀವು ಹೆದರಬ್ಯಾಡ್ರಿ" ಎಂದು ನನಗೇ ಸಮಾಧಾನ ಹೇಳಿದರು. ಬೆರಳ ಸಂದಿಯಿಂದ ರಕ್ತ ಸುರಿಯುತ್ತಿತ್ತು. ಹೆಬ್ಬೆರಳಿಗೆ ಏಳು ಹೊಲಿಗೆ ಬಿದ್ದವು. ಪಕ್ಕದ ಬೆರಳಿನ ತುದಿ ಉಳಿಯಲಿಲ್ಲ. ಸಂಜೆ ಆಸ್ಪತ್ರೆಯಿಂದ ಬಂದು ಲಾನಿನಲ್ಲಿ ನಡೆಯುವಾಗ ಅವರ ಹವಾಯಿ ಚಪ್ಪಲಿಯ ನೀಲಿ ಪಟ್ಟಿ ಸಿಕ್ಕಿತು. ಮಷಿನ್ ನಿಂತ ಜಾಗದಿಂದ ಹದಿನೈದು ಹೆಜ್ಜೆ ದೂರ, ನಾವು ಮದುವೆಯ ಕುರ್ಚಿ ಹಾಕುವ ಕಡೆ.

ಅವರ ಆಸ್ಪತ್ರೆ ಖರ್ಚು ಕೊಟ್ಟೆವು, ಮೂರು ತಿಂಗಳ ಪಗಾರ ಮನೆಗೆ ಕಳಿಸಿದೆವು. ಅದು ನಮ್ಮ ಕರ್ತವ್ಯ. ಬೆರಳು ಮಾತ್ರ ಬರುವುದಿಲ್ಲ.

ದಯವಿಟ್ಟು ಆ ಸ್ವಿಚ್ಚಿಗೆ ಕೈ ಹಚ್ಚಬೇಡಿ. ಮಷಿನ್ ಪದೇ ಪದೇ ನಿಲ್ಲುತ್ತಿದ್ದರೆ ನೆಲ ಸರಿ ಮಾಡಿಸಿ, ಇಲ್ಲ ಆ ಜಾಗಕ್ಕೆ ಅದನ್ನು ಒಯ್ಯಬೇಡಿ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಸೀಟ್ ಎತ್ತಿ ಒಳಗೆ ಕೈ ಹಾಕಿ ನೋಡಿ, ಟೇಪ್ ಸುತ್ತಿದ ವೈರ್ ಇದೆಯಾ ಅಂತ. ಕಟ್ಟಿಕೊಂಡ ಹುಲ್ಲು ತೆಗೆಯುವುದಿದ್ದರೆ ಬ್ಲೇಡ್ ಬಂದ್, ಇಂಜಿನ್ ಬಂದ್, ಕೀಲಿ ಕೈಯಲ್ಲಿ. ಆಮೇಲೂ ಕಟ್ಟಿಗೆಯಿಂದಲೇ ತೆಗೆಯಿರಿ. ಓಡಿಸುವವರಿಗೆ ಗಟ್ಟಿ ಶೂ ಕೊಡಿಸಿ, ಅವರಾಗಿ ಕೇಳುವುದಿಲ್ಲ.

ಯಾವುದು ತಗೋಬೇಕು ಅಂತ ಕೇಳುವವರಿಗೆ ನನ್ನ ಅಭಿಪ್ರಾಯ ಇಷ್ಟು. ಬೀದರ್ ಕಡೆಯ ಕೆಂಪು ನೆಲದಲ್ಲಿ ನೀರು ಬೇಗ ಇಳಿಯುತ್ತದೆ. ಅಲ್ಲಿ ಮಟ್ಟಸ ಜಾಗ ಇದ್ದು, ಕಲ್ಲು ಆರಿಸಿ ತೆಗೆದಿದ್ದರೆ ಇಂಥ ಮಷಿನ್ ಚೆನ್ನಾಗಿ ನಡೆಯುತ್ತದೆ. ನಮ್ಮ ಕಲಬುರಗಿ, ಯಾದಗಿರಿಯ ಎರೆ ಮಣ್ಣಿನ ಮೇಲೆ ನೇರ ಹುಲ್ಲು ಬೆಳೆದ ಜಾಗವಾದರೆ ಇದು ಬೇಡವೇ ಬೇಡ. ಸಣ್ಣ ಟ್ರ್ಯಾಕ್ಟರ್‌ನ ಹಿಂದೆ ಹುಲ್ಲು ಕೊಚ್ಚುವ ಸ್ಲಾಶರ್ ಕಟ್ಟಿಸಿ, ಅದೂ ನೆಲ ಒಣಗಿದ ಮೇಲೆ. ಟ್ರ್ಯಾಕ್ಟರ್ ರಿಪೇರಿ ಬಲ್ಲವರು ಪ್ರತಿ ತಾಲೂಕಿನಲ್ಲೂ ಇದ್ದಾರೆ, ಪಾರ್ಟ್ ಅವತ್ತೇ ಸಿಗುತ್ತದೆ. ಕಾರ್ಪೆಟ್‌ನಂಥ ನುಣುಪು ಬರುವುದಿಲ್ಲ, ನಿಜ. ಗಾಡಿ ನಿಲ್ಲಿಸುವಂಥ ಜಾಗವಾದರೆ ಅಷ್ಟು ನುಣುಪು ಯಾಕೆ ಬೇಕು?

ಇಳಿಜಾರು ಇದ್ದವರು ಇನ್ನೊಂದು ಗಮನಿಸಿ. ಹೆಚ್ಚಿನ ಕೈಪಿಡಿಗಳು 15 ಡಿಗ್ರಿಗಿಂತ ಜಾಸ್ತಿ ಇಳಿಜಾರಿನಲ್ಲಿ ಓಡಿಸಬೇಡಿ ಎನ್ನುತ್ತವೆ. ಅಂದಾಜಿಗೆ 10 ಅಡಿ ಉದ್ದಕ್ಕೆ ಎರಡೂವರೆ ಅಡಿ ಇಳಿತ. ಲಾನ್ ಟ್ರ್ಯಾಕ್ಟರನ್ನು, ಅಂದರೆ ನಮ್ಮಂಥ ಕೂತು ಓಡಿಸುವ ಮಷಿನ್ನನ್ನು, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಿಸಬೇಕು, ಅಡ್ಡ ಓಡಿಸಿದರೆ ಮಗುಚಬಹುದು. ನಿಂತಲ್ಲೇ ಸುತ್ತುವ ಝೀರೊ ಟರ್ನ್ ಮಷಿನ್‌ಗಳ ಮುಂದಿನ ಗಾಲಿಗೆ ಬ್ರೇಕ್ ಇರುವುದಿಲ್ಲ. ತೊಯ್ದ ಇಳಿಜಾರಿನಲ್ಲಿ ಜಾರಿದರೆ ಹಿಡಿಯಲು ಆಗದು. ನಮ್ಮ ಹಾಗೆ ಹಳ್ಳದ ಕಡೆ ಇಳಿಜಾರು ಇದ್ದರೆ ಆ ಭಾಗ ಬ್ರಷ್ ಕಟರ್‌ಗೇ ಬಿಡಿ.

ನಾವು ಮಷಿನ್ ಮಾರಲಿಲ್ಲ. ಕೂಡಿಸಿದ ವೈರ್ ಕತ್ತರಿಸಿ ಹೊಸ ಸ್ವಿಚ್ ಹಾಕಿಸಿದೆವು. ಶಹಾಬಾದ್ ಕಲ್ಲುಗಳನ್ನು ಕಿತ್ತು ಹುಲ್ಲಿನ ಮಟ್ಟಕ್ಕೆ ಮತ್ತೆ ಕೂರಿಸಿದೆವು. ಈಗ ಅದು ಮುಂದಿನ ಕೆಂಪು ಮಣ್ಣಿನ ಲಾನ್ ಬಿಟ್ಟು ಎಲ್ಲೂ ಹೋಗುವುದಿಲ್ಲ.

ಹೋದ ವಾರ ಬೀದರಿನಿಂದ ಒಬ್ಬರು ಇದನ್ನು ನೋಡಲೆಂದೇ ಬಂದಿದ್ದರು. ತೋಟದ ಮನೆಗೆ ಇಂಥದ್ದೇ ಒಂದು ನೋಡಿ ಇಟ್ಟಿದ್ದಾರಂತೆ. ಡೆಕ್ ಎಷ್ಟು ಇಂಚು ಅಂತ ಅವರು ನನ್ನನ್ನು ಕೇಳುತ್ತಿದ್ದರು. ಕಾಕಾ ಕುಂಟುತ್ತಾ ಬಂದು, "ಅದು ಆಮ್ಯಾಲ ಕೇಳ್ರಿ ಸರ, ಮೊದ್ಲು ಕುಂದುರ್ರಿ" ಎಂದು ಅವರನ್ನು ಸೀಟಿನ ಮೇಲೆ ಕೂರಿಸಿದರು. ತಾವು ಪಕ್ಕದಲ್ಲಿ ನಿಂತು ಇಂಜಿನ್ ಚಾಲೂ ಮಾಡಿಸಿ, ಬ್ಲೇಡ್ ತಿರುಗುವ ಹಾಗೆ ಮಾಡಿಸಿದರು. "ಈಗ ಎರಡೂ ಕಾಲು ಮ್ಯಾಲೇ ಇಟಕೊಂಡು, ಬರೇ ಕುಂಡಿ ಎತ್ತ್ರಿ" ಎಂದರು. ಅವರು ಎತ್ತಿದರು. ಇಂಜಿನ್ ಬಂದ್ ಆಯಿತು. "ಹಾಂ. ನೀವು ನೋಡಿಟ್ಟ ಮಷಿನ್ನಿನ್ಯಾಗೂ ಹಿಂಗ ಬಂದ್ ಆದ್ರ ರೊಕ್ಕ ಕೊಡ್ರಿ, ಇಲ್ಲಾಂದ್ರ ಹಂಗೇ ಎದ್ದು ಬರ್ರಿ" ಎಂದರು ಕಾಕಾ.