70-200 ಅಥವಾ 150-600: ಆಟದ ಫೋಟೋಗೆ ಯಾವ ಲೆನ್ಸ್?

ಮೊದಲು ಒಂದು ಪ್ರಶ್ನೆ: ನೀವು ಜಾಸ್ತಿ ತೆಗೆಯೋದು ಯಾವ ಆಟ, ಯಾವ ಬೆಳಕಿನಲ್ಲಿ?

ಬೆಳಕೇ ಇಲ್ಲಿ ದೊಡ್ಡ ವಿಷಯ. ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಒಳಗೆ ಬರುವ ಬೆಳಕು ಜಾಸ್ತಿ. 70-200 ಎಫ್ 2.8 ಲೆನ್ಸ್, 150-600ರ ತುದಿಯ ಎಫ್ 6.3ಕ್ಕಿಂತ ಸುಮಾರು ಐದು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಒಳಾಂಗಣದ ಬ್ಯಾಡ್ಮಿಂಟನ್‌ನಲ್ಲಿ 1/1000 ಸೆಕೆಂಡ್ ಶಟರ್ ವೇಗಕ್ಕೆ ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 1600 ಸಾಕಾಗುವ ಕಡೆ, 150-600ರ ತುದಿಯಲ್ಲಿ 8000 ಬೇಕಾಗುತ್ತದೆ. ಮುಖದ ಮೇಲೆ ಮರಳು ಚೆಲ್ಲಿದ ಹಾಗೆ ನಾಯ್ಸ್ ಕಾಣುತ್ತದೆ. ಶಟರ್ ನಿಧಾನ ಮಾಡಿದರೆ ಸ್ಮ್ಯಾಶ್ ಹೊಡೆಯುವ ಕೈಯೇ ಮಸುಕು. ಹಿನ್ನೆಲೆಯ ಗದ್ದಲವನ್ನು ಕರಗಿಸುವುದರಲ್ಲೂ 2.8 ಸುಲಭ.

ದೂರದ ಮಾತು ಬೇರೆ. ಎಂಎಂ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಬೌಂಡರಿ ಆಚೆಯಿಂದ ಬ್ಯಾಟ್ಸ್‌ಮನ್ ಬೇಕಂದ್ರೆ 200 ಎಂಎಂ ಸಾಲದು. ಚಿಕ್ಕ ಸೆನ್ಸರ್ ಇರುವ ಎಪಿಎಸ್-ಸಿ ಕ್ಯಾಮೆರಾದಲ್ಲಿ ಅದು 300ರ ಹಾಗೆ ಕಂಡರೂ ಆಟಗಾರ ಚಿಕ್ಕವನೇ. ಹಗಲಿನ ಕ್ರಿಕೆಟ್, ಫುಟ್‌ಬಾಲ್‌ಗೆ 150-600 ನನಗಿಷ್ಟ. ಸುಮಾರು 2 ಕೆಜಿ ಭಾರ, ಮೊನೊಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ಇರಲಿ.

400 ಎಂಎಂ ಎಫ್ 2.8 ಪ್ರೈಮ್ (ಜೂಮ್ ಆಗದ ಲೆನ್ಸ್) ಬೆಳಕು, ದೂರ ಎರಡನ್ನೂ ಕೊಡುತ್ತದೆ, ಆದರೆ ವಿಪರೀತ ದುಬಾರಿ. ರಾತ್ರಿ ಪಂದ್ಯಗಳೇ ನಿಮ್ಮ ಕೆಲಸವಾದರೆ ಮಾತ್ರ ಯೋಚಿಸಿ. ಅಪರೂಪಕ್ಕೆ ಬೇಕಾದರೆ ಬಾಡಿಗೆಗೆ ತನ್ನಿ.

ಕೋರ್ಟ್ ಪಕ್ಕದಲ್ಲೇ ನಿಲ್ಲುವವರಿಗೆ 70-200 ಸಾಕು. ಮುಂದೊಂದು ದಿನ ಲೆನ್ಸ್ ಮತ್ತು ಕ್ಯಾಮೆರಾ ನಡುವೆ 1.4 ಪಟ್ಟು ಹಿಗ್ಗಿಸುವ ಟೆಲಿಕನ್ವರ್ಟರ್ ಸೇರಿಸಿದರೆ 280 ಎಂಎಂ, ಎಫ್ 4 ಸಿಗುತ್ತದೆ. ನಿಮ್ಮ ಲೆನ್ಸ್‌ಗೆ ಅದು ಹೊಂದುತ್ತದಾ ಅಂತ ಮೊದಲೇ ನೋಡಿಕೊಳ್ಳಿ.